ಎದೆ ಡವಗುಟ್ಟಿದರೆ ‘ಗ್ಯಾಸ್’ ಎನ್ನುವವರಿಗೆ

ಇಚಿಲಂಪಾಡಿಯಲ್ಲಿ ನಮ್ಮ ನೆರೆಮನೆಯ ಹೆಣ್ಣುಮಗಳೊಬ್ಬಳಿಗೆ ಒಂಬತ್ತು ವರ್ಷಗಳ ಕಾಲ ‘ಗ್ಯಾಸ್’ ಇತ್ತು. ಜಗಲಿಯಲ್ಲಿ ಬೀಡಿ ಸುತ್ತುತ್ತಾ ಕುಳಿತಿದ್ದವಳು ಇದ್ದಕ್ಕಿದ್ದಂತೆ ಗೆರಸೆಯನ್ನು ಬದಿಗಿಟ್ಟು ಎದೆ ಹಿಡಿದುಕೊಳ್ಳುತ್ತಿದ್ದಳು. ಕತ್ತಿನ ನರ ಕಪ್ಪೆಯ ಗಂಟಲಿನಂತೆ ಪುಟಿಯುತ್ತಿತ್ತು. ಮುಖ ಬಿಳಿಚಿಕೊಳ್ಳುತ್ತಿತ್ತು. ಹತ್ತು ನಿಮಿಷ, ಕೆಲವೊಮ್ಮೆ ಒಂದು ಗಂಟೆ. ಆಮೇಲೆ ಯಾರೋ ಸ್ವಿಚ್ಚು ಒತ್ತಿದಂತೆ ತಟ್ಟನೆ ನಿಂತುಬಿಡುತ್ತಿತ್ತು. ಡಾಕ್ಟರ ಬಳಿಗೆ ತಲುಪುವಷ್ಟರಲ್ಲಿ ಆಕೆ ಸರಿಯಾಗಿರುತ್ತಿದ್ದಳು. ಸರಿಯಾಗಿರುವವಳಲ್ಲಿ ಡಾಕ್ಟರು ಏನನ್ನು ಹುಡುಕುವುದು? ಗ್ಯಾಸಿನ ಮಾತ್ರೆ ಬರೆದುಕೊಟ್ಟರು. ಎರಡನೆಯವರು ಥೈರಾಯ್ಡ್ ಪರೀಕ್ಷೆ ಮಾಡಿಸಿದರು. ಮೂರನೆಯವರು, “ಟೆನ್ಶನ್ ಮಾಡ್ಕೊಳ್ಬೇಡಮ್ಮ” ಎಂದು ನಿದ್ದೆಯ ಮಾತ್ರೆ ಕೊಟ್ಟರು. ಮನೆಯವರು ನೂಲು ಕಟ್ಟಿಸಿದರು, ನೀರು ಓದಿಸಿದರು. ಪಕ್ಕದ ರಬ್ಬರ್ ತೋಟದ ಕೆಲಸದವರು ಯಾರದೋ ದೃಷ್ಟಿ ತಾಗಿದೆ ಎಂದರು. ನಾವೂ ಹಿಂದೆ ಬೀಳಲಿಲ್ಲ, ಜೀರಿಗೆ ಕಷಾಯ ಕುಡಿಸಿದೆವು.

ಒಂದು ಮಳೆಗಾಲದ ರಾತ್ರಿ ಬಡಿತ ನಿಲ್ಲಲಿಲ್ಲ. ಒಂದು ಗಂಟೆ ಕಳೆಯಿತು, ಎರಡು ಗಂಟೆ ಕಳೆಯಿತು. ರಿಕ್ಷಾದಲ್ಲಿ ಹಾಕಿಕೊಂಡು ಪೇಟೆಗೆ ಹೋದೆವು. ಅಲ್ಲಿದ್ದ ಎಳೆಯ ಡಾಕ್ಟರ್ ಆಕೆಯ ಮಾತು ಪೂರ್ತಿ ಕೇಳುವ ಮೊದಲೇ ಇಸಿಜಿಯ ತಂತಿಗಳನ್ನು ಹಚ್ಚಿದ. ಹೃದಯ ನಿಮಿಷಕ್ಕೆ 190 ಸಲ ಬಡಿಯುತ್ತಿತ್ತು. ರಕ್ತನಾಳಕ್ಕೆ ಅಡಿನೋಸಿನ್ ಎಂಬ ಚುಚ್ಚುಮದ್ದನ್ನು ಸರ್ರನೆ ಏರಿಸಿದ. “ಸತ್ತೇ ಹೋದೆ ಉಮ್ಮಾ” ಎಂದು ಆಕೆ ಕೂಗಿದಳು. ಮರುಕ್ಷಣ ಬಡಿತ ಎಂಬತ್ತಕ್ಕೆ ಇಳಿದಿತ್ತು. ಕಾಗದದ ಆ ಉದ್ದನೆಯ ಪಟ್ಟಿಯನ್ನು ಮಡಚಿ ಕೊಡುತ್ತಾ ಆತ ಹೇಳಿದ: “ಇದನ್ನು ಕಳೆದುಕೊಳ್ಳಬೇಡಿ. ಇದಕ್ಕೆ ಪೂರ್ತಿ ವಾಸಿಯಾಗುವ ಚಿಕಿತ್ಸೆ ಇದೆ.”

ಒಂಬತ್ತು ವರ್ಷ ಯಾರೂ ಹೇಳದಿದ್ದ ಮಾತು ಇದು. ಈ ಒಂಬತ್ತು ವರ್ಷಗಳ ಲೆಕ್ಕವನ್ನು ಯಾರಿಂದ ಕೇಳಬೇಕು ಎಂಬುದೇ ನಮ್ಮ ಪ್ರಶ್ನೆ.

ಮೊದಲು ಕಾಯಿಲೆಯ ವಿಷಯ. ಹೃದಯ ಎಂದ ಕೂಡಲೇ ನಮಗೆ ನೆನಪಾಗುವುದು ರಕ್ತನಾಳದ ‘ಬ್ಲಾಕ್’, ಆಂಜಿಯೋಗ್ರಾಮ್, ಸ್ಟೆಂಟ್. ಅದು ಪೈಪಿನ ಕಾಯಿಲೆ. ನಮ್ಮ ನೆರೆಮನೆಯವಳದ್ದು ಕರೆಂಟಿನ ಕಾಯಿಲೆ. ಹೃದಯದ ಮೇಲ್ಭಾಗದ ಬಲಕೋಣೆಯಲ್ಲಿ ಒಂದು ಪುಟ್ಟ ಗಂಟು ಇದೆ. ಅಲ್ಲಿ ಹುಟ್ಟುವ ವಿದ್ಯುತ್ ಸ್ಪಂದನ ಮೇಲಿನ ಕೋಣೆಗಳಲ್ಲಿ ಹರಡಿ, ನಡುವೆ ಇರುವ ಇನ್ನೊಂದು ಗಂಟಿನ ಮೂಲಕವೇ ಕೆಳಗಿನ ಕೋಣೆಗಳಿಗೆ ಇಳಿಯಬೇಕು. ಕಾವಲು ಗೇಟು ಅದೊಂದೇ. ಕೆಲವರಿಗೆ ಹುಟ್ಟುವಾಗಲೇ ಆ ಗೇಟಿನ ಆಚೆ ಒಂದು ಕಳ್ಳದಾರಿ ಇರುತ್ತದೆ. ಇನ್ನು ಕೆಲವರಿಗೆ ಗೇಟಿನಲ್ಲೇ ಎರಡು ಓಣಿಗಳಿರುತ್ತವೆ, ಒಂದು ಬೇಗದ್ದು, ಒಂದು ನಿಧಾನದ್ದು. ಒಂದರಲ್ಲಿ ಇಳಿದ ಸ್ಪಂದನ ಇನ್ನೊಂದರಲ್ಲಿ ಮೇಲೇರಿ ಮತ್ತೆ ಇಳಿದು ಮತ್ತೆ ಏರಿ ಗಾಣದ ಎತ್ತಿನಂತೆ ಸುತ್ತತೊಡಗಿದರೆ ಹೃದಯ ಅದರ ಲಯಕ್ಕೆ ತಕ್ಕಂತೆ ಓಡಲೇಬೇಕು. ಮನಸ್ಸಿಗೂ ಅದಕ್ಕೂ ಸಂಬಂಧ ಇಲ್ಲ. ಹೊಟ್ಟೆಗೂ ಇಲ್ಲ.

ಇದನ್ನು ಸರಿಪಡಿಸುವ ಬಗೆ ನಮ್ಮ ಊರಿನವರಿಗೆ ಅರ್ಥವಾಗದ್ದೇನಲ್ಲ. ಆಷಾಢದ ಮಳೆಗೆ ಕರೆಂಟು ಹೋದರೆ ಮೆಸ್ಕಾಂನ ಲೈನ್‌ಮ್ಯಾನ್ ಏನು ಮಾಡುತ್ತಾನೆ? ಇಡೀ ಲೈನನ್ನು ಕಿತ್ತೆಸೆಯುವುದಿಲ್ಲ. ಒಂದೊಂದೇ ಭಾಗವನ್ನು ಬೇರ್ಪಡಿಸಿ, ಚಾರ್ಜ್ ಮಾಡಿ ನೋಡಿ, ಗೆಲ್ಲು ತಾಗಿದ ಜಾಗ ಇಂಥ ಕಂಬದಿಂದ ಇಂಥ ಕಂಬದ ನಡುವೆ ಇದೆ ಎಂದು ಪತ್ತೆ ಹಚ್ಚುತ್ತಾನೆ. ಆಮೇಲೆ ಕತ್ತಿಗೆ ಒಂದೇ ಏಟಿನ ಕೆಲಸ. ಹೃದಯದಲ್ಲಿ ಈ ಹುಡುಕಾಟಕ್ಕೆ ಮ್ಯಾಪಿಂಗ್ ಎನ್ನುತ್ತಾರೆ, ಅಂದರೆ ನಕ್ಷೆ ಬಿಡಿಸುವುದು. ಏಟಿಗೆ ಅಬ್ಲೇಶನ್ ಎನ್ನುತ್ತಾರೆ. ತೊಡೆಯ ಸಂದಿನ ರಕ್ತನಾಳದಿಂದ ಮೂರು-ನಾಲ್ಕು ತೆಳ್ಳಗಿನ ಕ್ಯಾಥೆಟರ್‌ಗಳನ್ನು ಒಳಕ್ಕೆ ಕಳುಹಿಸುತ್ತಾರೆ. ಅವುಗಳ ತುದಿಯಲ್ಲಿರುವ ಲೋಹದ ಉಂಗುರಗಳು ಹೃದಯದ ಒಳಗೋಡೆಯ ವಿದ್ಯುತ್ತನ್ನು ಸ್ಥಳದಲ್ಲೇ ಓದುತ್ತವೆ. ಯಾವ ಜಾಗಕ್ಕೆ ಸ್ಪಂದನ ಎಷ್ಟು ಮಿಲಿಸೆಕೆಂಡು ಮೊದಲು ತಲುಪಿತು ಎಂದು ಅಳೆಯುತ್ತಾರೆ. ಬೇಕೆಂದೇ ಆ ಓಟವನ್ನು ಎಬ್ಬಿಸಿ ನೋಡುತ್ತಾರೆ. ಕಳ್ಳದಾರಿ ಸಿಕ್ಕಿದ ಮೇಲೆ ಕ್ಯಾಥೆಟರಿನ ತುದಿಯಿಂದ ರೇಡಿಯೋ ತರಂಗದ ಶಾಖ ಕೊಡುತ್ತಾರೆ. ಐವತ್ತು ಡಿಗ್ರಿ ದಾಟಿದರೆ ಆ ಬಿಂದುವಿನಲ್ಲಿ ಕೆಲವೇ ಮಿಲಿಮೀಟರಿನಷ್ಟು ಅಂಗಾಂಶ ಸಾಯುತ್ತದೆ. ದಾರಿ ಮುಚ್ಚಿತು. ಎದೆ ಸೀಳುವುದಿಲ್ಲ, ಹೊಲಿಗೆ ಇಲ್ಲ. ಸಾಮಾನ್ಯವಾಗಿ ಮರುದಿನ ಮನೆಗೆ.

ಈ ಸರಳತೆ ಒಂದೇ ದಿನದಲ್ಲಿ ಬಂದದ್ದಲ್ಲ. 1930ರಲ್ಲಿ ವುಲ್ಫ್, ಪಾರ್ಕಿನ್ಸನ್, ವೈಟ್ ಎಂಬ ಮೂವರು ವೈದ್ಯರು ಇಸಿಜಿಯಲ್ಲಿ ಒಂದು ವಿಚಿತ್ರ ಗುರುತನ್ನೂ ಆಗಾಗ ಹೃದಯ ಓಡುವ ಯುವಜನರನ್ನೂ ಜೋಡಿಸಿ ತೋರಿಸಿದರು. ಆದರೆ ಆ ಹೆಚ್ಚುವರಿ ದಾರಿಯನ್ನು ಕತ್ತರಿಸಲು ಇನ್ನೂ 38 ವರ್ಷ ಬೇಕಾಯಿತು. 1968ರ ಮೇ ತಿಂಗಳಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಡಾ. ವಿಲ್ ಸೀಲಿ 32ರ ಹರೆಯದ ಒಬ್ಬ ಮೀನುಗಾರನ ಎದೆ ತೆರೆದು, ಹೃದಯದ ಮೇಲ್ಮೈಯಲ್ಲಿ ನಕ್ಷೆ ಬಿಡಿಸಿ ಅದನ್ನು ತುಂಡರಿಸಿದರು. ಮೊದಲು ಬದುಕು ಹಿಂದೆ ಪಡೆದವನು ದೊರೆಯೂ ಅಲ್ಲ, ಉದ್ಯಮಿಯೂ ಅಲ್ಲ. ದೋಣಿಯ ಮೇಲೆ ದುಡಿಯುವ ಒಬ್ಬ ಕೂಲಿ. ನಮ್ಮ ಕರಾವಳಿಯವರು ಇದನ್ನು ಗಮನಿಸಬೇಕು. ಸ್ಯಾನ್ ಫ್ರಾನ್ಸಿಸ್ಕೋದ ಡಾ. ಮೆಲ್ವಿನ್ ಶೈನ್‌ಮನ್ ಎದೆ ತೆರೆಯದೆ ಕ್ಯಾಥೆಟರ್ ಮೂಲಕವೇ ಈ ಕೆಲಸ ಸಾಧ್ಯ ಎಂದು 1982ರಲ್ಲಿ ಪ್ರಕಟಿಸಿದರು. ಆಗ ಬಳಸಿದ್ದು ವಿದ್ಯುದಾಘಾತ. ನಡುವಿನ ಗೇಟನ್ನೇ ಸುಟ್ಟು ಪೇಸ್‌ಮೇಕರ್ ಇಡಬೇಕಾಗುತ್ತಿತ್ತು. ರೇಡಿಯೋ ತರಂಗ ಬಂದ ಮೇಲೆ ಚಿತ್ರ ಬದಲಾಯಿತು. 1991ರಲ್ಲಿ ಒಕ್ಲಹೋಮಾದ ಡಾ. ಜಾಕ್‌ಮನ್ ಮತ್ತು ಸಂಗಡಿಗರು ಕಳ್ಳದಾರಿ ಇದ್ದ 166 ಮಂದಿಯಲ್ಲಿ 164 ಮಂದಿಗೆ ಅದನ್ನು ಮುಚ್ಚಲು ಸಾಧ್ಯವಾಯಿತೆಂದು ವರದಿ ಮಾಡಿದರು. ಕಂಪ್ಯೂಟರಿನಲ್ಲಿ ಹೃದಯದ ಮೂರು ಆಯಾಮದ ಬಣ್ಣದ ನಕ್ಷೆ ಮೂಡಿಸುವ ಯಂತ್ರಗಳು ಬಂದದ್ದು ಆ ದಶಕದ ಕೊನೆಯಲ್ಲಿ.

1991! ಮೂವತ್ತು ವರ್ಷಕ್ಕೂ ಮಿಕ್ಕಿ ಕಳೆದಿದೆ. ನಮ್ಮ ನೆರೆಮನೆಯವಳ ಎದೆ ಮೊದಲ ಸಲ ಓಡಿದಾಗಲೇ ಈ ಚಿಕಿತ್ಸೆ ಬೆಂಗಳೂರಿನಲ್ಲೂ ಇತ್ತು, ಮಂಗಳೂರಿನಲ್ಲೂ ಇತ್ತು. ಹಾಗಿದ್ದೂ ಇಚಿಲಂಪಾಡಿಯಲ್ಲಿ ಅದು ಗ್ಯಾಸಾಗಿಯೇ ಉಳಿಯಿತು.

ಇದು ನಮ್ಮೂರಿನ ದಡ್ಡತನ ಎಂದು ಯಾರೂ ನಗಬೇಕಾಗಿಲ್ಲ. 1997ರಲ್ಲಿ ಅಮೆರಿಕದ ವೈದ್ಯ ಪತ್ರಿಕೆಯೊಂದರಲ್ಲಿ ಇಂಥದೇ ಕಾಯಿಲೆಯ 107 ಮಂದಿಯ ಅಧ್ಯಯನ ಪ್ರಕಟವಾಗಿತ್ತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಕಾಯಿಲೆಯನ್ನು ಮೊದಲ ಭೇಟಿಯಲ್ಲಿ ವೈದ್ಯರು ಗುರುತಿಸಿರಲಿಲ್ಲ. ಭಯ, ಆತಂಕ, ಒತ್ತಡ ಎಂದು ಹಣೆಪಟ್ಟಿ ಹಚ್ಚಿದ್ದು ಗಂಡಸರಲ್ಲಿ 32 ಶೇಕಡಾ ಮಂದಿಗಾದರೆ ಹೆಂಗಸರಲ್ಲಿ 65 ಶೇಕಡಾ ಮಂದಿಗೆ. ಸುಮಾರು ಎರಡು ಪಟ್ಟು. ಗೇಟಿನಲ್ಲೇ ಎರಡು ಓಣಿ ಇರುವ ಬಗೆಯಂತೂ ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು. ಅಂದರೆ ಯಾರಿಗೆ ಕಾಯಿಲೆ ಹೆಚ್ಚೋ ಅವರ ಮಾತಿಗೆ ಬೆಲೆ ಕಡಿಮೆ. ಅಮೆರಿಕದ ಹೆಣ್ಣಿಗೆ ‘ಪ್ಯಾನಿಕ್’, ನಮ್ಮ ಹೆಣ್ಣಿಗೆ ‘ಸೋಂಕು’. ಹೆಸರು ಬೇರೆ, ಉಪೇಕ್ಷೆ ಒಂದೇ.

ಇಲ್ಲಿ ನಮ್ಮ ಸಮುದಾಯದವರಿಗೂ ಎರಡು ಮಾತು ಹೇಳಬೇಕು. ವೇದಿಕೆ ಸಿಕ್ಕಿದರೆ ಸಾಕು, ಇಬ್ನುನ್ನಫೀಸ್ ಹೆಸರು ಹೇಳಿ ಬೀಗುತ್ತೇವೆ. ಹೃದಯದ ಬಲಭಾಗದ ರಕ್ತ ನೇರವಾಗಿ ಎಡಭಾಗಕ್ಕೆ ತೂರುವುದಿಲ್ಲ, ಶ್ವಾಸಕೋಶದ ಮೂಲಕ ಸುತ್ತಿ ಬರುತ್ತದೆ ಎಂದು ಹದಿಮೂರನೇ ಶತಮಾನದಲ್ಲೇ ಬರೆದ ಮಹಾನುಭಾವ ಆತ. ಹೆಮ್ಮೆ ಸರಿ. ಆದರೆ ಆತ ಅದನ್ನು ಬರೆದದ್ದು ಗ್ಯಾಲೆನ್‌ನಂಥ ಹಿರಿಯ ಹೇಳಿದ್ದನ್ನೂ ಕಣ್ಣುಮುಚ್ಚಿ ಒಪ್ಪದೆ. ಅದೇ ಹೆಮ್ಮೆಯ ಭಾಷಣ ಕೇಳಿ ಬಂದ ರಾತ್ರಿಯೇ ಮಗಳ ಎದೆ ಡವಗುಟ್ಟಿದರೆ ನೂಲು ಕಟ್ಟುವವನ ಮನೆಗೆ ಹೋಗುವವರು ನಾವು. ಪ್ರಾರ್ಥನೆ ಬೇಡ ಎಂದು ನಾವು ಹೇಳುತ್ತಿಲ್ಲ. ಆದರೆ ಇಸಿಜಿ ತೆಗೆಯುವುದಕ್ಕೆ ಪ್ರಾರ್ಥನೆ ಯಾವತ್ತು ಅಡ್ಡ ಬಂದಿತ್ತು? ಇನ್ನೊಂದು ಗುಟ್ಟೂ ಇದೆ. ಮದುವೆಯಾಗದ ಹುಡುಗಿಗೆ ‘ಹಾರ್ಟಿನ ತೊಂದರೆ’ ಎಂಬ ಸುದ್ದಿ ಹೊರಬಿದ್ದರೆ ಸಂಬಂಧ ಕೂಡಿಬರುವುದಿಲ್ಲ ಎಂಬ ಹೆದರಿಕೆ. ಹೀಗಾಗಿ ಚೀಟಿಯನ್ನು ಅಡಗಿಸಿಡುತ್ತಾರೆ. ಈ ವಿಷಯದಲ್ಲಿ ಬ್ಯಾರಿ, ಬಿಲ್ಲವ, ಗೌಡ, ಕ್ರೈಸ್ತ ಎಂಬ ಭೇದ ಇಲ್ಲ, ಊರಿಡೀ ಒಂದೇ ಜಾತಿ. ಅಡಗಿಸಿಟ್ಟ ಕಾಯಿಲೆ ಮದುವೆಯ ನಂತರ, ಗರ್ಭಿಣಿಯಾದಾಗ, ಇನ್ನಷ್ಟು ಸಲ ತಲೆಯೆತ್ತಬಹುದು. ಆಗ ಔಷಧಿ ಕೊಡುವುದೂ ಕಷ್ಟ.

ಗಂಡಸರ ಕತೆ ಬೇರೆ. ನಮ್ಮ ಕಡೆ ಅಡಿಕೆ ಮರಕ್ಕೆ ಹತ್ತುವವನ ತಲೆ ಒಂದು ಕ್ಷಣ ಸುತ್ತಿದರೆ ಏನಾಗುತ್ತದೆ ಎಂದು ವಿವರಿಸಬೇಕಾಗಿಲ್ಲ. ಬೆಳಗ್ಗಿನ ಜಾವ ತಲೆಗೆ ಲೈಟು ಕಟ್ಟಿಕೊಂಡು ರಬ್ಬರ್ ಟ್ಯಾಪಿಂಗಿಗೆ ಹೋಗುವವನು, ಶಿರಾಡಿ ಘಾಟಿಯಲ್ಲಿ ಲಾರಿ ಇಳಿಸುವವನು ‘ಆಗಾಗ ಎದೆ ಓಡುತ್ತದೆ’ ಎಂದು ಹೇಳಿಕೊಂಡರೆ ಮರುದಿನ ಕೆಲಸ ಇರುವುದಿಲ್ಲ. ಅವನು ಹೇಳುವುದಿಲ್ಲ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನಡೆದ ಒಂದು ಅಧ್ಯಯನದ ಲೆಕ್ಕದಲ್ಲಿ ಈ ಬಗೆಯ ಓಟದ ಕಾಯಿಲೆ ಸಾವಿರದಲ್ಲಿ ಸುಮಾರು ಇಬ್ಬರಿಗಿದೆ. ಅದೇ ಪ್ರಮಾಣ ಹಿಡಿದರೂ ಐದು ಸಾವಿರ ಜನರಿರುವ ಒಂದು ಊರಿನಲ್ಲಿ ಹತ್ತು ಮಂದಿ. ಅವರು ಯಾರು? ನಮಗೆ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ.

ಈಗ ಘಾಟಿಯ ಆಚೆ ನೋಡೋಣ. 2025ರ ಮೇ-ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಲ್ಲಿ ಸುಮಾರು ನಲವತ್ತು ದಿನಗಳೊಳಗೆ ಇಪ್ಪತ್ತಕ್ಕೂ ಹೆಚ್ಚು ಮಂದಿ ಹಠಾತ್ತನೆ ಸತ್ತ ಸುದ್ದಿ ರಾಜ್ಯವನ್ನೇ ನಡುಗಿಸಿತು. ಗುಂಡ್ಯದಿಂದ ಘಾಟಿ ಹತ್ತಿದರೆ ಸಕಲೇಶಪುರ, ಅಲ್ಲಿಂದ ಮುಂದೆ ಹಾಸನ. ನಮಗದು ನೆರೆಯ ಜಿಲ್ಲೆ. ಹೆದರಿಕೆ ಘಾಟಿ ಇಳಿದು ಬರಲು ಒಂದು ದಿನ ಸಾಕಾಯಿತು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ನಸುಕಿನಲ್ಲೇ ಸಾಲು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡಾಗಲೂ ಹೀಗೇ ಆಗಿತ್ತು. ಸರಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದಲ್ಲಿ ಸಮಿತಿ ಮಾಡಿತು. ಅಸಹಜ ಏರಿಕೆ ಏನೂ ಇಲ್ಲ, ಕಾರಣಗಳು ಹಳೆಯವೇ, ಅಂದರೆ ಬೀಡಿ-ಸಿಗರೇಟು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಎಂದು ಸಮಿತಿ ಹೇಳಿತು. ಆಸ್ಪತ್ರೆಯ ಹೊರಗೆ ಸಂಭವಿಸುವ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕು, ಮರಣೋತ್ತರ ಪರೀಕ್ಷೆ ಆಗಬೇಕು ಎಂದು ಸರಕಾರ ಜುಲೈಯಲ್ಲಿ ಪ್ರಕಟಿಸಿತು. ಅಲ್ಲಿಗೆ ಟಿವಿಯವರ ಆಸಕ್ತಿ ಮುಗಿಯಿತು.

ನಮ್ಮ ತಕರಾರು ಇರುವುದು ಇಲ್ಲಿಯೇ. ಸತ್ತ ಮೇಲೆ ಎಣಿಸಲು ಆದೇಶ ಬಂತು. ಬದುಕಿರುವಾಗ ಎಣಿಸಲು? ಹೃದಯ ಎಂದರೆ ಹೃದಯಾಘಾತ ಎಂಬಷ್ಟಕ್ಕೇ ನಮ್ಮ ಯೋಜನೆಗಳೂ ಸುದ್ದಿಗಳೂ ನಿಂತಿವೆ. ಪುನೀತ್ ಹೆಸರಿನಲ್ಲಿ ಆರಂಭವಾದ ಹೃದಯ ಜ್ಯೋತಿ ಯೋಜನೆ ಒಳ್ಳೆಯದೇ. ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ದೂರದ ತಜ್ಞರಿಗೆ ಕಳುಹಿಸಿ, ಹೃದಯಾಘಾತವಾಗಿದ್ದರೆ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಅದರಿಂದ ಜೀವಗಳು ಉಳಿದಿವೆ. ಆದರೆ ಅದೇ ಯಂತ್ರ, ಅದೇ ಕಾಗದದ ಪಟ್ಟಿ, ಅದೇ ತಜ್ಞರ ಕಣ್ಣು ಲಯದ ಕಾಯಿಲೆಯನ್ನೂ ಹಿಡಿಯಬಲ್ಲದು. ಹಿಡಿದ ಮೇಲೆ ಮುಂದೆ ಎಲ್ಲಿಗೆ ಎಂಬ ದಾರಿಯನ್ನು ಯಾರೂ ಹಾಕಿಕೊಟ್ಟಿಲ್ಲ. ಬಡಿತ ನಿಂತಿತು, ಮನೆಗೆ ಹೋಗಿ ಎನ್ನುವಲ್ಲಿಗೆ ಕಡತ ಮುಗಿಯುತ್ತದೆ.

ಯಂತ್ರ ಹಳ್ಳಿಗೆ ಬರಬಹುದು ಎಂಬುದಕ್ಕೆ ನಮ್ಮ ಜಿಲ್ಲೆಯೇ ಸಾಕ್ಷಿ. ಮಂಗಳೂರಿನ ಕೆಎಂಸಿಯ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ 2018ರ ಸುಮಾರಿಗೆ ‘ಕಾರ್ಡಿಯಾಲಜಿ ಎಟ್ ಡೋರ್‌ಸ್ಟೆಪ್’ ಎಂಬ ಹೆಸರಿನಲ್ಲಿ ಹಳ್ಳಿಯ ವೈದ್ಯರನ್ನು ವಾಟ್ಸಾಪ್ ಗುಂಪಿನಲ್ಲಿ ಒಟ್ಟುಗೂಡಿಸಿದರು. ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೂ ಜನೌಷಧಿ ಕೇಂದ್ರಗಳಿಗೂ ಇಸಿಜಿ ಯಂತ್ರ ಕೊಡಿಸಿದರು. ಹಳ್ಳಿಯ ಡಾಕ್ಟರ್ ಪಟ್ಟಿಯ ಫೋಟೋ ಹಾಕುತ್ತಾನೆ, ಪೇಟೆಯ ತಜ್ಞ ನೋಡಿ ಉತ್ತರಿಸುತ್ತಾನೆ. ಇಷ್ಟೇ. ಒಬ್ಬ ವೈದ್ಯನಿಗೆ ಹೊಳೆದದ್ದು, ಸಾಧ್ಯವಾದದ್ದು ಸರಕಾರದ ಇಷ್ಟು ದೊಡ್ಡ ಇಲಾಖೆಗೆ ಮೊದಲೇ ಏಕೆ ಹೊಳೆಯಲಿಲ್ಲ? ಇಸಿಜಿ ಯಂತ್ರದ ಬೆಲೆ ನಮ್ಮ ಹುಡುಗರು ಕೈಯಲ್ಲಿ ಹಿಡಿದು ತಿರುಗುವ ಮೊಬೈಲಿನಷ್ಟು. ದುಬೈಯಿಂದ ರಜೆಗೆ ಬಂದ ಮಗನ ಕೈಗಡಿಯಾರದಲ್ಲಿ 2018ರಿಂದೀಚೆಗೆ ಇಸಿಜಿ ಇದೆ. ಅವನ ಉಮ್ಮನಿಗೆ ರಾತ್ರಿ ಹನ್ನೊಂದಕ್ಕೆ ಎದೆ ಓಡಿದರೆ ತೆಗೆಸಲು ಊರಲ್ಲಿ ಜಾಗ ಇಲ್ಲ.

ನಮ್ಮ ಜಿಲ್ಲೆಯ ವಿಚಿತ್ರವನ್ನು ಹೊರಗಿನವರಿಗೆ ಹೇಳಿದರೆ ನಂಬುವುದಿಲ್ಲ. ದಕ್ಷಿಣ ಕನ್ನಡದಲ್ಲಿ ಎಂಟು ವೈದ್ಯಕೀಯ ಕಾಲೇಜುಗಳಿವೆ. ಮಂಗಳೂರು ಆಸುಪಾಸಿನಲ್ಲಿ ಏಳು, ಸುಳ್ಯದಲ್ಲಿ ಒಂದು. ಎಂಟೂ ಖಾಸಗಿ. ಸರಕಾರದ್ದೆಂದು ಹೇಳಿಕೊಳ್ಳಲು ಒಂದೂ ನಡೆಯುತ್ತಿಲ್ಲ. 2025ರ ಬಜೆಟ್ಟಿನಲ್ಲಿ ಪುತ್ತೂರಿಗೆ ಸರಕಾರಿ ಕಾಲೇಜಿನ ಘೋಷಣೆಯಾಯಿತು, ಸಂತೋಷ. ಘೋಷಣೆಗೂ ಕ್ಯಾಥ್‌ಲ್ಯಾಬಿಗೂ ನಡುವೆ ಎಷ್ಟು ಮಳೆಗಾಲ ಕಳೆಯುತ್ತದೆ ಎಂದು ನೋಡಬೇಕು. 1848ರಲ್ಲಿ ಶುರುವಾದ ವೆನ್ಲಾಕ್ ಆಸ್ಪತ್ರೆ ಇಂದಿಗೂ ಬಡವರ ಆಸರೆ. ಆದರೆ ಸರಕಾರಿ ದರದಲ್ಲಿ ಹೃದಯದ ಚಿಕಿತ್ಸೆ ಬೇಕೆನ್ನುವವನು ನೋಡುವುದು ಜಯದೇವದ ಕಡೆಗೆ. ಅದು ಇರುವುದು ಬೆಂಗಳೂರು, ಮೈಸೂರು, ಕಲಬುರಗಿಯಲ್ಲಿ. ಕರಾವಳಿಗೆ ಅದರ ಶಾಖೆ ಇಲ್ಲ. ಕಡಬದವನು ಘಾಟಿ ಹತ್ತಬೇಕು, ಇಲ್ಲವೇ ಸಾಲ ಮಾಡಬೇಕು.

ಸಾಲ ಎಂದೆವಲ್ಲ, ದುಡ್ಡಿನ ಮಾತು ಬಿಡಿಸಿ ಹೇಳೋಣ. ಖಾಸಗಿಯಲ್ಲಿ ಈ ಚಿಕಿತ್ಸೆ ಲಕ್ಷ ರೂಪಾಯಿ ದಾಟುತ್ತದೆ, ಮೂರು ಆಯಾಮದ ನಕ್ಷೆಯ ಯಂತ್ರ ಬಳಸಿದರೆ ಇನ್ನಷ್ಟು. ಸ್ಟೆಂಟಿಗೆ 2017ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಗರಿಷ್ಠ ಬೆಲೆ ಗೊತ್ತುಪಡಿಸಿತು. ಮದ್ದು ಲೇಪಿಸಿದ ಸ್ಟೆಂಟು ಒಂದೇ ರಾತ್ರಿಯಲ್ಲಿ 30 ಸಾವಿರಕ್ಕಿಂತ ಕೆಳಗೆ ಇಳಿಯಿತು. ಅಬ್ಲೇಶನ್ ಕ್ಯಾಥೆಟರಿಗೆ ಅಂಥ ಮಿತಿ ಇಲ್ಲ. ಏಕೆಂದರೆ ಅದರ ಹೆಸರನ್ನು ಕೇಳಿದವರೇ ಕಡಿಮೆ, ಬೊಬ್ಬೆ ಹೊಡೆಯುವವರೂ ಇಲ್ಲ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಉಂಟು. ಆದರೆ ತುರ್ತು ಅಲ್ಲದ ದೊಡ್ಡ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರಕಾರಿ ಆಸ್ಪತ್ರೆಯ ಶಿಫಾರಸು ಚೀಟಿ ಬೇಕು. ಚೀಟಿ ಬೇಕಾದರೆ ಕಾಯಿಲೆಯ ಹೆಸರು ಬೇಕು. ಹೆಸರು ಬೇಕಾದರೆ ಬಡಿತ ಓಡುತ್ತಿರುವಾಗಲೇ ತೆಗೆದ ಇಸಿಜಿ ಬೇಕು. ಅದು ಊರಲ್ಲಿಲ್ಲ! ಐದು ಲಕ್ಷದ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಗುಂಡ್ಯ ಹೊಳೆಗೆ ಎಸೆದ ಹಾಗೆ. ಬೀಡಿ ಕಟ್ಟುವವರಿಗೆ 1976ರ ಕಾಯ್ದೆಯ ಕಲ್ಯಾಣ ನಿಧಿ ಎಂಬುದೊಂದಿತ್ತು, ಅದರಲ್ಲಿ ಹೃದಯದ ಚಿಕಿತ್ಸೆಗೂ ನೆರವಿನ ಅವಕಾಶ ಇತ್ತು. 2017ರಲ್ಲಿ ಜಿಎಸ್‌ಟಿ ಬಂದಾಗ ಆ ನಿಧಿಗೆ ಹಣ ತರುತ್ತಿದ್ದ ಸೆಸ್ಸನ್ನೇ ರದ್ದು ಮಾಡಿದರು. ಈ ತೀರ್ಮಾನದ ಬಗ್ಗೆ ಬೀಡಿ ಸುತ್ತುವ ಹೆಂಗಸರನ್ನು ಯಾರು ಕೇಳಿದ್ದರು?

“ಮಳೆಗಾಲದಲ್ಲಿ ಆಂಬುಲೆನ್ಸ್ ಬರಲು ರಸ್ತೆ ಇಲ್ಲದ ಕಡೆ ನೀವು ಕ್ಯಾಥೆಟರ್ ಮಾತಾಡುತ್ತೀರಲ್ಲ” ಎಂದು ನಮ್ಮ ಗೆಳೆಯರೊಬ್ಬರು ಗೇಲಿ ಮಾಡಿದರು. ಗೇಲಿಯಲ್ಲಿ ಸತ್ಯ ಇದೆ, ಆದರೆ ಅರ್ಧ. ಲೆಕ್ಕ ಹಾಕಿ ನೋಡಲಿ. ಒಂಬತ್ತು ವರ್ಷಗಳ ಮಾತ್ರೆ, ಪರೀಕ್ಷೆ, ರಿಕ್ಷಾ ಬಾಡಿಗೆ, ನೂಲಿನ ಕಾಣಿಕೆ, ಕೆಲಸ ನಿಂತ ದಿನಗಳ ಮಜೂರಿ. ಬೇರೆ ಎಷ್ಟೋ ಹೃದಯದ ಕಾಯಿಲೆಗಳಲ್ಲಿ ಔಷಧಿ ಜೀವಮಾನವಿಡೀ. ಇದು ಒಂದು ಸಲ ಮಾಡಿ ಮುಗಿಸಬಹುದಾದ ಅಪರೂಪದ ಚಿಕಿತ್ಸೆ. ಈ ಬಗೆಯ ಓಟಕ್ಕೆ ನೂರರಲ್ಲಿ ತೊಂಬತ್ತೈದರಷ್ಟು ಮಂದಿಗೆ ಗುಣ. ಬಡವನಿಗೆ ನಿಜವಾಗಿ ಕೈಗೆಟುಕಬೇಕಾದದ್ದು ಇಂಥದೇ ಅಲ್ಲವೇ? ಜೀವಮಾನವಿಡೀ ಮಾತ್ರೆ ಕೊಂಡುಕೊಳ್ಳುವ ಶಕ್ತಿ ಇರುವುದು ಶ್ರೀಮಂತನಿಗೆ.

ಹಾಗೆಂದು ನಾವು ಆಸ್ಪತ್ರೆಗಳ ದಲ್ಲಾಳಿಗಳಲ್ಲ. ಹಾಸನದ ಹೆದರಿಕೆಯ ಬೆನ್ನಿಗೇ ‘ಹೃದಯ ತಪಾಸಣೆ ಪ್ಯಾಕೇಜ್’ ಫಲಕಗಳು ಎದ್ದದ್ದನ್ನು ನಾವೂ ಕಂಡಿದ್ದೇವೆ. ಲಯದ ಕಾಯಿಲೆ ಎಲ್ಲ ಒಂದೇ ಅಲ್ಲ. ವಯಸ್ಸಾದವರಲ್ಲಿ ನಾಡಿ ತಾಳ ತಪ್ಪಿ ಬಡಿಯುವ ಏಟ್ರಿಯಲ್ ಫಿಬ್ರಿಲೇಶನ್ ಬೇರೆ ಕಾಯಿಲೆ. ಅದರಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗಿ ಪಾರ್ಶ್ವವಾಯು ಬಡಿಯುವ ಅಪಾಯವೇ ದೊಡ್ಡದು, ರಕ್ತ ತೆಳುವಾಗಿಸುವ ಮಾತ್ರೆಯೇ ಮೊದಲ ರಕ್ಷಣೆ. 1998ರಲ್ಲಿ ಫ್ರಾನ್ಸಿನ ಬೋರ್ಡೋ ನಗರದ ಡಾ. ಹೈಸಾಗೇರ್ ಅದರ ಕಿಡಿಗಳು ಬಹುತೇಕ ಶ್ವಾಸಕೋಶದಿಂದ ಬರುವ ರಕ್ತನಾಳಗಳಲ್ಲಿ ಹುಟ್ಟುತ್ತವೆ ಎಂದು ತೋರಿಸಿದ ಮೇಲೆ ಅಲ್ಲೂ ಅಬ್ಲೇಶನ್ ಬಂದಿದೆ. ಆದರೆ ಅದರ ಫಲ ಇಷ್ಟು ಖಚಿತವಲ್ಲ, ಕೆಲವರಿಗೆ ಎರಡನೇ ಸಲ ಬೇಕಾಗುತ್ತದೆ, ಮಾತ್ರೆಯೂ ಹಲವರಿಗೆ ಬಿಡುವುದಿಲ್ಲ. ಅದನ್ನು ‘ಒಂದೇ ದಿನದಲ್ಲಿ ವಾಸಿ’ ಎಂದು ಮಾರುವವರ ಮಾತಿಗೆ ಮರುಳಾಗಬಾರದು. ಗೇಟಿನ ಪಕ್ಕದ ಓಣಿಯನ್ನು ಸುಡುವಾಗಲೂ ನೂರರಲ್ಲಿ ಒಬ್ಬರಿಗೋ ಅದಕ್ಕಿಂತ ಕಡಿಮೆ ಮಂದಿಗೋ ಗೇಟೇ ಕೆಟ್ಟು ಪೇಸ್‌ಮೇಕರ್ ಬೇಕಾಗಬಹುದು. ಇದನ್ನು ಸಹಿ ಹಾಕಿಸುವ ಮೊದಲೇ ಕನ್ನಡದಲ್ಲಿ, ತುಳುವಿನಲ್ಲಿ, ಬ್ಯಾರಿ ಭಾಷೆಯಲ್ಲಿ ಬಿಡಿಸಿ ಹೇಳಬೇಕಾದದ್ದು ಆಸ್ಪತ್ರೆಯ ಧರ್ಮ. ಅರ್ಥವಾಗದ ಇಂಗ್ಲಿಷ್ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸುವುದು ಒಪ್ಪಿಗೆಯಲ್ಲ.

ದುಡ್ಡೇ ಬೇಡದ ಕೆಲಸವೂ ಇದೆ, ಅದನ್ನು ಹೇಳಿಕೊಡುವವರು ಕೂಡ ಇಲ್ಲ. 2015ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಒಂದು ಪ್ರಯೋಗದಲ್ಲಿ, ಈ ಓಟದಲ್ಲಿ ಆಸ್ಪತ್ರೆಗೆ ಬಂದವರಿಗೆ ಒರಗಿ ಕುಳಿತು ಹದಿನೈದು ಸೆಕೆಂಡು ಬಿಗಿಹಿಡಿದು ಊದಲು ಹೇಳಿದರು. ಊದಿದ ಕೂಡಲೇ ಅಂಗಾತ ಮಲಗಿಸಿ ಕಾಲುಗಳನ್ನು ಹದಿನೈದು ಸೆಕೆಂಡು ಎತ್ತಿ ಹಿಡಿದರು. ನೂರರಲ್ಲಿ 43 ಮಂದಿಯ ಬಡಿತ ಅಷ್ಟರಿಂದಲೇ ಸರಿಹೋಯಿತು. ಕುಳಿತೇ ಊದಿದವರಲ್ಲಿ ಸರಿಹೋದದ್ದು 17 ಮಂದಿಗೆ ಮಾತ್ರ. ಖರ್ಚು ಸೊನ್ನೆ. ಕಾಯಿಲೆ ಯಾವುದೆಂದು ಡಾಕ್ಟರು ಖಚಿತಪಡಿಸಿದ ಮೇಲೆ ಮಾಡಬೇಕಾದದ್ದು ಇದು. ಎದೆನೋವು ಬಂದವನನ್ನೂ ಮೂರ್ಛೆ ಹೋದವನನ್ನೂ ಊದಿಸುತ್ತಾ ಕೂರಬಾರದು, ನೇರ ಆಸ್ಪತ್ರೆಗೆ ಸಾಗಿಸಬೇಕು. ಹೆದರಬೇಕಾದವರು ಯಾರು ಎಂಬುದೂ ಗೊತ್ತಿರಲಿ. ಓಟದೊಂದಿಗೆ ಪ್ರಜ್ಞೆ ತಪ್ಪುವವರು, ಮನೆಯಲ್ಲಿ ಎಳೆಯ ಪ್ರಾಯದಲ್ಲಿ ಹಠಾತ್ತನೆ ಸತ್ತವರಿರುವವರು ತಡಮಾಡಬಾರದು. ಉಳಿದ ಹೆಚ್ಚಿನವರಲ್ಲಿ ಈ ಓಟ ಕೊಲ್ಲುವುದಿಲ್ಲ. ಬದುಕನ್ನು ಮಾತ್ರ ತಿನ್ನುತ್ತದೆ.

ಆಶಾ ಕಾರ್ಯಕರ್ತೆಯರಿಗೆ ನಾಡಿ ಎಣಿಸುವುದನ್ನು, ‘ತಟ್ಟನೆ ಶುರುವಾಗಿ ತಟ್ಟನೆ ನಿಲ್ಲುತ್ತದೆಯೇ’ ಎಂಬ ಒಂದೇ ಪ್ರಶ್ನೆ ಕೇಳುವುದನ್ನು ಕಲಿಸಲು ಎಷ್ಟು ಹೊತ್ತು ಬೇಕು? ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಾತ್ರಿಯೂ ಇಸಿಜಿ ತೆಗೆಯುವ ಒಬ್ಬ ನರ್ಸ್, ಪಟ್ಟಿಯ ಒಂದು ಪ್ರತಿ ಕಡ್ಡಾಯವಾಗಿ ರೋಗಿಯ ಕೈಗೆ, ಲಯದ ಕಾಯಿಲೆ ಕಂಡರೆ ಶಿಫಾರಸು ಚೀಟಿ ಅಲ್ಲಿಂದಲೇ. ಅಬ್ಲೇಶನ್ ಕ್ಯಾಥೆಟರಿಗೆ ಸ್ಟೆಂಟಿನಂತೆ ಬೆಲೆಮಿತಿ. ಪುತ್ತೂರಿನ ಕಾಲೇಜು ಕಾಗದದಿಂದ ಮಣ್ಣಿಗಿಳಿಯುವಾಗ ಅದರ ನಕ್ಷೆಯಲ್ಲೇ ಒಂದು ಕ್ಯಾಥ್‌ಲ್ಯಾಬ್. ಇವಿಷ್ಟು ಕೇಳಿದರೆ ಅತಿಯಾಸೆ ಎನ್ನುವ ಜನಪ್ರತಿನಿಧಿಗಳು ತಮಗೆ ಎದೆ ಡವಗುಟ್ಟಿದ ರಾತ್ರಿ ಯಾವ ಆಸ್ಪತ್ರೆಗೆ ಹೋಗುತ್ತಾರೆ ಎಂಬುದನ್ನೂ ಹೇಳಲಿ.

ನಮ್ಮ ನೆರೆಮನೆಯವಳಿಗೆ ಕೊನೆಗೂ ಚಿಕಿತ್ಸೆ ಆಯಿತು. ಆ ಮಡಚಿದ ಪಟ್ಟಿ ರೇಶನ್ ಕಾರ್ಡಿನ ಪ್ಲಾಸ್ಟಿಕ್ ಲಕೋಟೆಯೊಳಗೆ ಇದ್ದುದರಿಂದ ಚೀಟಿ ಸಿಕ್ಕಿತು. ಒಂದೂವರೆ ಗಂಟೆ ಅರೆ ಎಚ್ಚರದಲ್ಲೇ ಮಲಗಿದ್ದಳಂತೆ. ಬೇಕೆಂದೇ ಓಟ ಎಬ್ಬಿಸಿದಾಗ, “ಇದೇ, ಇದೇ ನನ್ನ ಗ್ಯಾಸ್” ಎಂದಳಂತೆ. ಒಳಗಿದ್ದವರೆಲ್ಲ ನಕ್ಕರಂತೆ. ಮರುದಿನ ಬಿಡುಗಡೆಯ ಹೊತ್ತಿಗೆ ಡಾಕ್ಟರು ಪರದೆಯ ಮೇಲಿನ ಗೆರೆಗಳನ್ನು ತೋರಿಸಿ ವಿವರಿಸಿದರು. ಆಕೆ ಎಲ್ಲವನ್ನೂ ಕೇಳಿ, ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ವರ್ಷ ಯಾಕೆ ಬೇಕಾಯಿತು ಎಂದು ಕೇಳಿದಳು. ಡಾಕ್ಟರು ನಮ್ಮ ಮುಖ ನೋಡಿದರು. ನಾವು ಉಮ್ಮನ ಮುಖ ನೋಡಿದೆವು. ಉಮ್ಮ ಚೀಲದೊಳಗೆ ಬಟ್ಟೆ ತುಂಬಿಸುತ್ತಿದ್ದರು.